ರಾತ್ರಿ ಎರಡಕ್ಕೆ ಮಕ್ಕಳನ್ನು ಎಬ್ಬಿಸುವವರು ಯಾರು? ಬೇಸಿಗೆ ಶಿಬಿರ ನಡೆಸುವವರಿಗೊಂದು ಮಾರ್ಗದರ್ಶಿ

ಏಪ್ರಿಲ್ ಎರಡನೇ ವಾರ ಶಾಲೆಗಳಿಗೆ ಸೂಟಿ ಬಿದ್ದರೆ ಸಾಕು, ಬೆಳಗಾವಿ, ಬಾಗಲಕೋಟೆ, ವಿಜಯಪುರದ ಗೋಡೆಗಳ ಮೇಲೆ ಬೇಸಿಗೆ ಶಿಬಿರದ ಭಿತ್ತಿಪತ್ರಗಳು ಕಾಣಿಸಿಕೊಳ್ಳುತ್ತವೆ. ರಂಗ ತರಬೇತಿ, ಯೋಗ, ಚಿತ್ರಕಲೆ, ಚಾರಣ, ಒಂದು ದಿನ ಹೊಳೆ ದಂಡೆಯಲ್ಲಿ ಬುತ್ತಿ ಊಟ. ಉದ್ಘಾಟಕರ ಹೆಸರು ದೊಡ್ಡ ಅಕ್ಷರದಲ್ಲಿ, ಅಧ್ಯಕ್ಷತೆ ವಹಿಸುವವರದು ಅದಕ್ಕಿಂತ ದೊಡ್ಡದು. ರಾತ್ರಿ ಮಕ್ಕಳ ಪಕ್ಕದಲ್ಲಿ ಮಲಗುವವರ ಹೆಸರು ಮಾತ್ರ ಎಲ್ಲೂ ಇರುವುದಿಲ್ಲ. ಈ ಲೇಖನ ಅವರಿಗಾಗಿ, ಮತ್ತು ಅವರನ್ನು ನೇಮಿಸುವವರಿಗಾಗಿ.

2025ರ ಜುಲೈ 4ರ ನಸುಕಿನಲ್ಲಿ ಅಮೆರಿಕದ ಟೆಕ್ಸಾಸ್ ರಾಜ್ಯದ ಕೆರ್ ಕೌಂಟಿಯಲ್ಲಿ ಗ್ವಾಡಲೂಪ್ ನದಿ ಸುಮಾರು 45 ನಿಮಿಷಗಳಲ್ಲಿ 26 ಅಡಿಯಷ್ಟು ಏರಿತು. ದಂಡೆಯ ಮೇಲಿದ್ದ ಕ್ಯಾಂಪ್ ಮಿಸ್ಟಿಕ್ ಎಂಬ ಬಾಲಕಿಯರ ಶಿಬಿರದಲ್ಲಿ ಮಕ್ಕಳು ಮತ್ತು ಅವರನ್ನು ನೋಡಿಕೊಳ್ಳುತ್ತಿದ್ದ ತರುಣಿಯರು ಸೇರಿ 27 ಮಂದಿ ತೀರಿಕೊಂಡರು. ಅದು 1926ರಿಂದ ನಡೆದುಬಂದ ಹಳೆಯ, ಹೆಸರುವಾಸಿ ಶಿಬಿರ. ಎರಡೇ ದಿನ ಮೊದಲು ರಾಜ್ಯದ ಆರೋಗ್ಯ ಇಲಾಖೆಯವರು ತಪಾಸಣೆಗೆ ಬಂದು, ತುರ್ತು ಯೋಜನೆ ಇದೆ ಎಂದು ದಾಖಲಿಸಿ ಹೋಗಿದ್ದರು. ಹವಾಮಾನ ಇಲಾಖೆ ರಾತ್ರಿ 1 ಗಂಟೆ 14 ನಿಮಿಷಕ್ಕೆ ದಿಢೀರ್ ಪ್ರವಾಹದ ಎಚ್ಚರಿಕೆ ಕೊಟ್ಟಿತ್ತು. ನದಿ ದಂಡೆಯಲ್ಲಿ ಸೈರನ್ ಇರಲಿಲ್ಲ. ಎಚ್ಚರಿಕೆ ಬಂದ ಗಳಿಗೆಗೂ ಮಕ್ಕಳನ್ನು ಕೋಣೆಗಳಿಂದ ಹೊರಡಿಸಿದ ಗಳಿಗೆಗೂ ನಡುವೆ ಸಮಯ ಸೋರಿಹೋಯಿತು. ಆ ಬಳಿಕ, ಅದೇ ಸೆಪ್ಟೆಂಬರ್‌ನಲ್ಲಿ, ಪ್ರವಾಹ ಬರುವ ಬಯಲಿನಲ್ಲಿ ಮಕ್ಕಳು ಮಲಗುವ ಕೋಣೆಗಳು ಇರಕೂಡದು ಎಂದು ಟೆಕ್ಸಾಸ್ ಕಾನೂನು ಮಾಡಿತು.

ನಮ್ಮಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಹೊಳೆಯಲ್ಲಿ ನೀರೇ ಇರುವುದಿಲ್ಲ, ಪ್ರವಾಹ ಎಲ್ಲಿಂದ ಬಂತು ಎಂದು ಕೇಳುವವರಿದ್ದಾರೆ. ಕೃಷ್ಣೆ, ಘಟಪ್ರಭೆ, ಮಲಪ್ರಭೆಗಳ ಮಹಾಪೂರ ಬರುವುದು ಜುಲೈನಿಂದ ಮುಂದೆ, ನಿಜ. ಆದರೆ ಭರಣಿ, ಕೃತ್ತಿಕಾ ಮಳೆಗಳ ಕಾಲದಲ್ಲಿ ಸಂಜೆ ನಾಲ್ಕರ ಮೇಲೆ ಮೋಡ ಕಟ್ಟಿ ಬೀಳುವ ಅಡ್ಡಮಳೆ ಅರ್ಧ ತಾಸಿನಲ್ಲಿ ಒಣ ಹಳ್ಳವನ್ನು ತುಂಬಿಸಿಬಿಡುತ್ತದೆ. ಅದರ ಮುಂದೆ ಬಿರುಗಾಳಿ, ಅದರ ಜೊತೆ ಸಿಡಿಲು. ಹೊಳೆಯ ಮಡುವು ಮತ್ತು ಬಿಸಿಲಂತೂ ಇದ್ದೇ ಇರುತ್ತವೆ. ಅಪಾಯದ ರೂಪ ಬೇರೆಯಾದರೂ ರಾತ್ರಿ ಎರಡು ಗಂಟೆಗೆ ಏಳುವ ಪ್ರಶ್ನೆ ಅದೇ: ಈಗ ಹೊರಡಿ ಎಂದು ಹೇಳುವವರು ಯಾರು?

ಮೊದಲು ಜಾಗ ನೋಡಿ, ಆಮೇಲೆ ಭಿತ್ತಿಪತ್ರ ಅಚ್ಚು ಹಾಕಿಸಿ

ಜಾಗ ನೋಡಲು ಹೋದಾಗ ಕಟ್ಟಡಕ್ಕಿಂತ ಮುಂಚೆ ಹತ್ತಿರದ ಹಳ್ಳಕ್ಕೆ ಹೋಗಿ. ದಂಡೆಯ ಜಾಲಿ ಗಿಡಗಳನ್ನು ನೋಡಿ. ಕೊಂಬೆಗಳಲ್ಲಿ ಒಣಗಿದ ಕಬ್ಬಿನ ರವದಿ, ಹರಿದ ಪ್ಲಾಸ್ಟಿಕ್ ಚೀಲ, ಹುಲ್ಲಿನ ಸಿಂಬೆ ಸಿಕ್ಕಿಕೊಂಡಿದ್ದರೆ ಹಿಂದೊಮ್ಮೆ ನೀರು ಅಲ್ಲಿವರೆಗೆ ಬಂದಿತ್ತೆಂದು ಅರ್ಥ. ಆ ಕಸ ಎಷ್ಟು ಎತ್ತರದಲ್ಲಿದೆ ಎಂದು ನೋಡಿಕೊಂಡು, ಅಲ್ಲಿಂದ ಶಿಬಿರದ ಕಟ್ಟಡದ ಕಡೆಗೆ ಕಣ್ಣು ಹಾಯಿಸಿ. ಕಟ್ಟಡದ ಹೊಸ್ತಿಲು ಆ ಮಟ್ಟಕ್ಕಿಂತ ಕೆಳಗಿದ್ದರೆ ಬಾಡಿಗೆ ಎಷ್ಟೇ ಅಗ್ಗವಾಗಿರಲಿ, ಆ ಜಾಗ ಬೇಡ.

ನಂತರ ಊರಿನ ಹಿರಿಯರನ್ನು ಕೇಳಿ. “ಅಜ್ಜ, ನೀರು ಎಲ್ಲಿವರೆಗೆ ಬಂದಿತ್ತು?” ಎಂದರೆ ರಾಮದುರ್ಗ, ಬಾದಾಮಿ, ಗೋಕಾಕ, ಮುಧೋಳದ ಕಡೆ 2019ರ ಆಗಸ್ಟ್ ತಿಂಗಳ ಮಾತು ಬರುತ್ತದೆ, ವಿಜಯಪುರ, ಬಾಗಲಕೋಟೆಯ ಹಲವು ಊರುಗಳಲ್ಲಿ 2009ರ ಮಾತೂ ಬರುತ್ತದೆ. ಆದರೆ ಅಷ್ಟಕ್ಕೇ ಬಿಡಬೇಡಿ. “ಹೊಳೆಯದು ಸರಿ ಅಜ್ಜ, ಈ ಹಳ್ಳದ್ದು?” ಎಂದು ಮತ್ತೆ ಕೇಳಿ. ದೊಡ್ಡ ಪ್ರವಾಹಕ್ಕೆ ಸರ್ಕಾರಿ ದಾಖಲೆ ಇರುತ್ತದೆ. ಹಳ್ಳದ ದಾಖಲೆ ಇರುವುದು ಅಜ್ಜನ ನೆನಪಿನಲ್ಲಿ, ಇಲ್ಲವೇ ಊರಿನ ಕೆಲಸ ನೋಡುವ ವಾಲೀಕಾರನ ಬಾಯಲ್ಲಿ. ದನ ಕಾಯುವ ಹುಡುಗರಿಗೂ ಇದು ಚೆನ್ನಾಗಿ ಗೊತ್ತಿರುತ್ತದೆ.

ಮಣ್ಣನ್ನೂ ನೋಡಿ. ಇದನ್ನು ಪೇಟೆಯಿಂದ ಬರುವ ಸಂಘಟಕರು ಮರೆಯುತ್ತಾರೆ. ಡೋಣಿ ಬೆಳೆದರೆ ಓಣಿಯೆಲ್ಲ ಕಾಳು ಎಂದು ವಿಜಯಪುರದವರು ಹೊಗಳುವ, ಡೋಣಿ ಹೊಳೆ ದಂಡೆಯ ಎರೆ (ಕಪ್ಪು ಮಣ್ಣಿನ) ಭೂಮಿ ಮಳೆ ಬಿದ್ದ ಸ್ವಲ್ಪ ಹೊತ್ತಿನಲ್ಲೇ ವಾಹನದ ಗಾಲಿಯನ್ನು ಹಿಡಿದುಬಿಡುತ್ತದೆ. ತೋಟದ ಮನೆಯ ಶಿಬಿರಕ್ಕೆ ಡಾಂಬರು ರಸ್ತೆಯಿಂದ ಎರೆ ದಾರಿಯಲ್ಲಿ ಒಳಗೆ ಹೋಗಬೇಕಿದ್ದರೆ, ಮಳೆಯಾದ ಮೇಲೆ ಅಲ್ಲಿಗೆ 108 ಆಂಬುಲೆನ್ಸ್ ಬರುವುದಿಲ್ಲ, ನಿಮ್ಮ ಜೀಪೂ ಹೊರಡುವುದಿಲ್ಲ. ಖಡಿ ಹಾಕಿದ ದಾರಿ ಇರುವ, ಇಲ್ಲವೇ ಮಸಾರಿ (ಕೆಂಪು ಮಣ್ಣಿನ) ನೆಲದ ಜಾಗ ಹುಡುಕಿ. ಮಕ್ಕಳು ನಡೆದೇ ತಲುಪಬಹುದಾದ ಎತ್ತರದ ಗಟ್ಟಿ ಕಟ್ಟಡ, ಶಾಲೆಯೋ ಸಮುದಾಯ ಭವನವೋ ಗುಡಿಯೋ, ಯಾವುದೆಂದು ಅಂದೇ ಗೊತ್ತುಮಾಡಿ ಅದರ ಬೀಗದ ಕೈ ಯಾರ ಹತ್ತಿರ ಇದೆ ಎಂದು ಬರೆದುಕೊಳ್ಳಿ. ದಾರಿಯಲ್ಲಿ ಹಳ್ಳ ಅಡ್ಡ ಬರಕೂಡದು.

ಕಟ್ಟಡದ ಒಳಗೆ ಒಂದೇ ಮಾತು: ಹೊರಗಿನಿಂದ ಬೀಗ ಹಾಕಬೇಡಿ. ಹೆಣ್ಣುಮಕ್ಕಳ ಕೋಣೆಗೆ ರಾತ್ರಿ ಹೊರಗಿನಿಂದ ಕೀಲಿ ಜಡಿದು, ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಇನ್ನೆಲ್ಲೋ ಮಲಗುವುದನ್ನು ಸುರಕ್ಷತೆ ಎಂದು ಕರೆಯುವ ಪದ್ಧತಿ ನಮ್ಮಲ್ಲಿ ಇನ್ನೂ ಇದೆ. ಕಿಟಕಿಗಳಿಗೆ ಕಬ್ಬಿಣದ ಸರಳು, ಬಾಗಿಲಿಗೆ ಹೊರಗೆ ಬೀಗ. ಬೆಂಕಿ ಬಿದ್ದರೂ ನೀರು ನುಗ್ಗಿದರೂ ಆ ಕೋಣೆಯಿಂದ ಹೊರಬರಲು ದಾರಿಯಿಲ್ಲ. ಒಳಗಿನ ಚಿಲಕ, ಒಳಗೆ ಇಬ್ಬರು ಹಿರಿಯ ಮಹಿಳೆಯರು, ಹೊರಗೆ ಎಚ್ಚರವಿರುವ ಕಾವಲುಗಾರ. ಇದಕ್ಕಿಂತ ಕಡಿಮೆ ಆಗದು.

ಕೆಲಸಕ್ಕೊಂದು ಹೆಸರು

ಈಗ ಒಂದು ರಟ್ಟಿನ ಹಾಳೆ ತೆಗೆದುಕೊಳ್ಳಿ. ಎಡಗಡೆ ಕೆಲಸ, ಬಲಗಡೆ ಒಬ್ಬರ ಹೆಸರು. ‘ಎಲ್ಲ ಸ್ವಯಂಸೇವಕರು’ ಎಂದು ಬರೆಯಬೇಡಿ. ಸಮಿತಿಯ ಹೆಸರನ್ನೂ ಬರೆಯಬೇಡಿ. ಹವಾಮಾನದ ಮಾಹಿತಿ ನೋಡುವವರು, ಮಕ್ಕಳನ್ನು ಎಣಿಸುವವರು, ಔಷಧ ಪೆಟ್ಟಿಗೆಯವರು, ವಾಹನ ಮತ್ತು ಚಾಲಕನನ್ನು ಸಿದ್ಧ ಇಡುವವರು, ಗ್ಯಾಸ್ ಸಿಲಿಂಡರ್ ಮತ್ತು ವಿದ್ಯುತ್ ಮುಖ್ಯ ಸ್ವಿಚ್ ಬಂದ್ ಮಾಡುವವರು, ಪಾಲಕರಿಗೆ ಫೋನ್ ಮಾಡುವವರು. ಪ್ರತಿ ಹೆಸರಿನ ಮುಂದೆ ಅವರಿಲ್ಲದಾಗ ಇನ್ನೊಬ್ಬರು. ಅಡುಗೆಯವರನ್ನು ಈ ಪಟ್ಟಿಯಿಂದ ಬಿಡಬೇಡಿ. ಬಹಳ ಶಿಬಿರಗಳಲ್ಲಿ ಎಲ್ಲರಿಗಿಂತ ಮೊದಲು ಎದ್ದಿರುವವರು ಅವರೇ.

ಹಾಳೆಯ ಮೇಲ್ತುದಿಯಲ್ಲಿ ಎಲ್ಲಕ್ಕಿಂತ ದೊಡ್ಡದಾಗಿ ಬರೆಯಬೇಕಾದದ್ದು: ‘ಹೊರಡಿ’ ಎಂದು ಆಜ್ಞೆ ಕೊಡುವವರು. ಇಲ್ಲಿಯೇ ನಮ್ಮ ಶಿಬಿರಗಳು ಎಡವುತ್ತವೆ. ಸಂಸ್ಥೆಯ ಅಧ್ಯಕ್ಷರು ಪೇಟೆಯಲ್ಲಿ, ಕಾರ್ಯದರ್ಶಿ ಮದುವೆಗೆ ಹೋಗಿದ್ದಾರೆ, ಜಾಗ ಕೊಟ್ಟ ಗೌಡರಿಗೆ ಬೇಸರವಾದೀತು, ಮುಖ್ಯಗುರುಗಳನ್ನು ಒಂದು ಮಾತು ಕೇಳಬೇಕು, ನಡುರಾತ್ರಿ ಫೋನ್ ಮಾಡುವುದು ಹೇಗೆ? ಈ ಸಂಕೋಚ ಸಭ್ಯತೆಯಿಂದ ಬಂದದ್ದೇ, ಆದರೆ ಹಳ್ಳ ಅದಕ್ಕಾಗಿ ಕಾಯುವುದಿಲ್ಲ. ಆದ್ದರಿಂದ ಶಿಬಿರ ಆರಂಭವಾಗುವ ಮೊದಲೇ ಅಧ್ಯಕ್ಷರ ಸಹಿಯೊಂದಿಗೆ ಒಂದು ಪತ್ರ ಮಾಡಿಸಿಕೊಳ್ಳಿ: ಶಿಬಿರದಲ್ಲಿ ಮಲಗಿರುವ ಇಂಥವರು ಯಾರನ್ನೂ ಕೇಳದೆ ಮಕ್ಕಳನ್ನು ಸ್ಥಳಾಂತರಿಸಬಹುದು, ಕಾರ್ಯಕ್ರಮ ನಿಲ್ಲಿಸಬಹುದು, ವಾಹನ ಬಾಡಿಗೆ ಮಾಡಬಹುದು. ಮಳೆ ಬರದೆ ಹೋಗಿ ಎಲ್ಲರೂ ನಿದ್ದೆಗೆಟ್ಟದ್ದೇ ಬಂತು ಎಂದಾದರೆ ಅವರನ್ನು ಯಾರೂ ದೂರುವುದಿಲ್ಲ ಎಂಬ ಸಾಲೂ ಆ ಪತ್ರದಲ್ಲಿರಲಿ. ಈ ಸಾಲು ಇಲ್ಲದಿದ್ದರೆ ಉಳಿದದ್ದಕ್ಕೆ ಬೆಲೆಯಿಲ್ಲ. ನಗೆಪಾಟಲಾಗುವ ಭಯದಿಂದಲೇ ಜನ ಇನ್ನೊಂದು ಹತ್ತು ನಿಮಿಷ ನೋಡೋಣ ಎನ್ನುತ್ತಾರೆ.

ಅದೇ ಅಧಿಕಾರ ಕೋಣೆಯಲ್ಲಿ ಮಕ್ಕಳ ಜೊತೆ ಇರುವ ಕಾಲೇಜು ಹುಡುಗಿಗೂ ಇರಬೇಕು. ನೆಲದ ಮೇಲೆ ನೀರು ಕಂಡರೆ ಅವಳು ಆಜ್ಞೆಗೆ ಕಾಯದೆ ಮಕ್ಕಳನ್ನು ಎಬ್ಬಿಸಿ ಎತ್ತರಕ್ಕೆ ಕರೆದೊಯ್ಯಬೇಕು. ರಾತ್ರಿಯನ್ನು ಎರಡು ಪಾಳಿ ಮಾಡಿ. ಪ್ರತಿ ಪಾಳಿಯಲ್ಲೂ ಇಬ್ಬರು ನಿಜವಾಗಿ ಎಚ್ಚರವಿರಲಿ. ದಿನವಿಡೀ ಆಟ ಆಡಿಸಿ ದಣಿದವರನ್ನೇ ರಾತ್ರಿ ಕಾವಲಿಗೂ ಹಾಕುವುದು ಉಳಿತಾಯದ ಲೆಕ್ಕ, ಅಷ್ಟೇ.

ಎಚ್ಚರಿಕೆ ನಿಮ್ಮ ತನಕ ಬರುವ ದಾರಿ

ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ‘ವರುಣಮಿತ್ರ’ ಸಹಾಯವಾಣಿ 92454 33443. ನಿಮ್ಮ ಊರು, ಹೋಬಳಿ ಹೇಳಿದರೆ ಮಳೆಯ ಮುನ್ಸೂಚನೆ ಕೊಡುತ್ತಾರೆ. ರೈತರಿಗಾಗಿ ಮಾಡಿದ್ದು, ಶಿಬಿರದವರಿಗೂ ಆಗುತ್ತದೆ. ಸಿಡಿಲಿಗೆ ‘ದಾಮಿನಿ’ ಆ್ಯಪ್, ಒಟ್ಟಾರೆ ವಿಪತ್ತಿನ ಎಚ್ಚರಿಕೆಗೆ ‘ಸಚೇತ್’ ಆ್ಯಪ್. ಜಿಲ್ಲಾ ತುರ್ತು ನಿಯಂತ್ರಣ ಕೊಠಡಿ 1077, ಪೊಲೀಸ್ ಮತ್ತು ಅಗ್ನಿಶಾಮಕಕ್ಕೆ 112, ಆಂಬುಲೆನ್ಸ್ 108, ಮಕ್ಕಳ ಸಹಾಯವಾಣಿ 1098, ತಂತಿ ಹರಿದು ಬಿದ್ದರೆ ಹೆಸ್ಕಾಂನ 1912. ಇವನ್ನು ಮೊಬೈಲ್‌ನಲ್ಲಷ್ಟೇ ಇಟ್ಟುಕೊಳ್ಳದೆ ಗೋಡೆಗೆ ಬರೆದು ಅಂಟಿಸಿ.

ಖಾನಾಪುರದ ಕಾಡಂಚಿನಲ್ಲಿ, ಜಾಂಬೋಟಿ, ಹೆಮ್ಮಡಗಾ ಕಡೆ, ಮೊಬೈಲ್ ಕೈಕೊಡುವುದು ಹೊಸದಲ್ಲ. ಅಲ್ಲಿ ಶಿಬಿರ ಮಾಡುವವರು ಯಾವ ಕಂಪನಿಯ ಸಿಗ್ನಲ್ ಯಾವ ದಿಬ್ಬದ ಮೇಲೆ ಸಿಗುತ್ತದೆ ಎಂದು ಮೊದಲೇ ನಡೆದು ನೋಡಬೇಕು. ಜೊತೆಗೆ ಪೇಟೆಯಲ್ಲಿರುವ ಒಬ್ಬರನ್ನು ಗೊತ್ತುಮಾಡಿ: ಅವರು ಸಂಜೆ ಆರಕ್ಕೆ ಮತ್ತು ರಾತ್ರಿ ಹತ್ತಕ್ಕೆ ಮುನ್ಸೂಚನೆ ನೋಡಿ ತಿಳಿಸಬೇಕು. ಗೊತ್ತಾದ ಹೊತ್ತಿಗೆ ನಿಮ್ಮಿಂದ ಉತ್ತರ ಬರದಿದ್ದರೆ ಗಾಡಿ ಹತ್ತಿ ಹೊರಡಬೇಕು. ಬ್ಯಾಟರಿ ಹಾಕುವ ಹಳೆಯ ರೇಡಿಯೊ ಒಂದಿದ್ದರೆ ಇನ್ನೂ ಒಳ್ಳೆಯದು.

ಶಿಬಿರ ಶುರುವಾಗುವ ವಾರ ಮೊದಲು ತಹಶೀಲ್ದಾರರಿಗೆ, ಪಿಡಿಒಗೆ, ಪೊಲೀಸ್ ಠಾಣೆಗೆ, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಒಂದು ಪುಟದ ಪತ್ರ ಕೊಟ್ಟು ಸ್ವೀಕೃತಿ ಪಡೆಯಿರಿ: ಇಂಥಲ್ಲಿ, ಇಷ್ಟು ದಿನ, ಇಷ್ಟು ಮಕ್ಕಳು, ಸಂಪರ್ಕಕ್ಕೆ ಈ ಇಬ್ಬರು. ಅವರು ಬಂದು ನೋಡುತ್ತಾರೋ ಇಲ್ಲವೋ ಬೇರೆ ಮಾತು. ಮಳೆ ಜೋರಾದ ರಾತ್ರಿ ಆ ಜಾಗದಲ್ಲಿ ಮಕ್ಕಳಿದ್ದಾರೆ ಎಂದು ಅವರಿಗೆ ಗೊತ್ತಿರಬೇಕು. ಹೊಳೆ ಕಡೆ ಕಾರ್ಯಕ್ರಮವಿದ್ದರೆ ನೀರಾವರಿ ಇಲಾಖೆಯ ಸ್ಥಳೀಯ ಕಚೇರಿಗೂ ಒಂದು ಪ್ರತಿ ಕೊಡಿ. ಬೇಸಿಗೆಯಲ್ಲಿ ಕುಡಿಯುವ ನೀರಿಗೆಂದು ಹಿಡಕಲ್ ಮತ್ತು ನವಿಲುತೀರ್ಥ ಜಲಾಶಯಗಳಿಂದ ಹೊಳೆಗೆ ನೀರು ಬಿಡುವುದುಂಟು. ಬೆಳಿಗ್ಗೆ ಮಕ್ಕಳು ಕ್ರಿಕೆಟ್ ಆಡಿದ ಮರಳಿನ ಮೇಲೆ ಸಂಜೆ, ಒಂದು ಹನಿ ಮಳೆ ಬೀಳದೆಯೂ, ನೀರು ಹರಿಯಬಹುದು.

ಪಟ್ಟಿ ಮತ್ತು ಎಣಿಕೆ

ಪ್ರತಿ ಮಗುವಿಗೂ ಒಂದು ಕ್ರಮಸಂಖ್ಯೆ, ಒಂದು ಜೋಡಿ. ಜೋಡಿ ಎಂದರೆ ಊಟಕ್ಕೂ ಬಯಲಿಗೂ ಬಸ್ಸಿಗೂ ಒಟ್ಟಿಗೆ ಹೋಗುವ ಇಬ್ಬರು. ದೊಡ್ಡವರ ಎಣಿಕೆ ತಪ್ಪಿದರೂ ‘ನನ್ನ ಜೋಡಿ ಬಂದಿಲ್ಲ’ ಎಂದು ಮಗು ಕೂಗುತ್ತದೆ. ಹನ್ನೆರಡು ವರ್ಷದೊಳಗಿನ ಎಂಟು ಮಕ್ಕಳಿಗೆ ಒಬ್ಬ ಹಿರಿಯರಿಲ್ಲದಿದ್ದರೆ ರಾತ್ರಿ ತಂಗುವ ಶಿಬಿರ ಬೇಡ ಎನ್ನುವುದು ನನ್ನ ಪಕ್ಷ. ನೀರಿನ ಹತ್ತಿರವಾದರೆ ನಾಲ್ಕಕ್ಕೆ ಒಬ್ಬರು.

ನೋಂದಣಿ ಪುಸ್ತಕದಲ್ಲಿ ಪಾಲಕರ ಎರಡು ಫೋನ್ ಸಂಖ್ಯೆ, ಮಗುವಿಗಿರುವ ಉಬ್ಬಸ, ಮೂರ್ಛೆ, ಅಲರ್ಜಿ, ದಿನದ ಮಾತ್ರೆ, ಈಜು ಬರುತ್ತದೆಯೋ ಇಲ್ಲವೋ, ಮಗುವನ್ನು ಯಾರ ಕೈಗೆ ಒಪ್ಪಿಸಬಹುದು ಎಂಬುದು ಇರಲಿ. ಪುಸ್ತಕವನ್ನು ದಪ್ಪ ಪ್ಲಾಸ್ಟಿಕ್ ಚೀಲದಲ್ಲಿಟ್ಟು, ಅದೇ ಚೀಲಕ್ಕೆ ಟಾರ್ಚ್ ಕಟ್ಟಿ, ಬಾಗಿಲ ಪಕ್ಕದ ಮೊಳೆಗೆ ತೂಗುಹಾಕಿ. ಪಟ್ಟಿಯ ಇನ್ನೊಂದು ಪ್ರತಿ ಪೇಟೆಯಲ್ಲಿರುವ ಆ ವ್ಯಕ್ತಿಯ ಬಳಿ ಇರಲಿ.

ಮೊದಲ ರಾತ್ರಿಯೇ ಕಸರತ್ತು

ಉದ್ಘಾಟನೆಯ ಭಾಷಣಗಳನ್ನು ಅರ್ಧ ತಾಸು ಮೊಟಕುಗೊಳಿಸಿದರೆ ಇದಕ್ಕೆ ಬೇಕಾದ ಸಮಯ ಸಿಗುತ್ತದೆ. ಹಗಲು ಬೆಳಕಿನಲ್ಲಿ ಮಾಡುವ ಅಣಕು ಕಾರ್ಯಾಚರಣೆ ಛಾಯಾಚಿತ್ರಕ್ಕೆ ಚೆಂದ. ಮಕ್ಕಳು ಮಲಗುವ ಕೋಣೆಯಲ್ಲಿ ದೀಪ ಆರಿಸಿ ಮಾಡಿದಾಗ ಮಾತ್ರ ನಿಜವಾದ ತೊಡಕುಗಳು ಹೊರಬರುತ್ತವೆ. ಉದ್ದನೆಯ ಮೂರು ಸೀಟಿ ಎಂದರೆ ಹೊರಡಬೇಕು ಎಂದು ಮೊದಲು ತಿಳಿಸಿ, ಆಮೇಲೆ ಊದಿ.

ಏನಾಗುತ್ತದೆ ನೋಡಿ. ಚಿಕ್ಕವರು ಎದ್ದ ತಕ್ಷಣ ಹುಡುಕುವುದು ಚಪ್ಪಲಿ. ನಮ್ಮಲ್ಲಿ ಚಪ್ಪಲಿಗಳು ಹೊಸ್ತಿಲ ಆಚೆ ಒಂದೇ ರಾಶಿಯಾಗಿ ಬಿದ್ದಿರುತ್ತವೆ. ಕತ್ತಲಲ್ಲಿ ಅಷ್ಟೂ ಮಕ್ಕಳು ಬಾಗಿಲಲ್ಲಿ ಬಗ್ಗಿ ತಮ್ಮದನ್ನೇ ತಡಕಾಡುತ್ತ ನಿಂತರೆ ಬಾಗಿಲು ಮುಚ್ಚಿದಂತೆಯೇ. ಬರಿಗಾಲಲ್ಲಿ ಓಡಿ ಎನ್ನುವಂತೆಯೂ ಇಲ್ಲ. ಮೊದಲ ಮಳೆಗೆ ಚೇಳು, ಹಾವು ಹೊರಬೀಳುವ ಕಾಲ ಅದು. ಅದಕ್ಕೇ ಪ್ರತಿ ಮಗುವಿನ ಚಪ್ಪಲಿ ರಾತ್ರಿ ಒಂದು ಚೀಲದಲ್ಲಿ ಹಾಸಿಗೆಯ ಕಾಲ್ದೆಸೆಯಲ್ಲಿ ಇರಬೇಕು, ಹಾಕಿಕೊಳ್ಳುವ ಮುಂಚೆ ಕೊಡವಬೇಕು. ಎರಡನೆಯ ತೊಡಕು ಟ್ರಂಕು, ಬ್ಯಾಗು. ಒಂದೇ ಮಾತು ಹೇಳಿಕೊಡಿ: ಕೈಯಲ್ಲಿ ಜೋಡಿಯ ಕೈ ಮಾತ್ರ ಇರಲಿ, ಬೇರೇನೂ ಬೇಡ. ಮೂರನೆಯದು, ಶೌಚಾಲಯದಲ್ಲಿರುವ ಮಗು. ಅದನ್ನು ನೋಡಿ ಬರುವುದು ಯಾರ ಕೆಲಸ ಎಂದು ರಟ್ಟಿನ ಹಾಳೆಗೆ ಇನ್ನೊಂದು ಹೆಸರು ಸೇರಿಸಿ.

ಎಲ್ಲರೂ ಎತ್ತರದ ಜಾಗ ಸೇರಿ, ಎಣಿಕೆ ಮುಗಿದು, ಲೆಕ್ಕ ಸರಿಬಂದ ಮೇಲೆ ಗಡಿಯಾರ ನೋಡಿ. ಮರುದಿನ ಮತ್ತೆ ಮಾಡಿ. ಸಾಮಾನ್ಯವಾಗಿ ಎರಡನೆಯ ಸಲಕ್ಕೆ ಬಹಳ ಕಡಿಮೆ ಹೊತ್ತು ಸಾಕಾಗುತ್ತದೆ, ಮಕ್ಕಳು ಅದನ್ನು ಆಟವನ್ನಾಗಿಯೂ ಮಾಡಿಕೊಂಡಿರುತ್ತಾರೆ.

ಗಾಳಿ, ಸಿಡಿಲು

ನಮ್ಮ ಬೇಸಿಗೆ ಶಿಬಿರಗಳಲ್ಲಿ ಅತಿ ಹೆಚ್ಚು ಅಲಕ್ಷ್ಯಕ್ಕೆ ಒಳಗಾದದ್ದು ಶಾಮಿಯಾನ ಮತ್ತು ತಗಡಿನ ಶೆಡ್ಡು. ಅಡ್ಡಮಳೆಯ ಮುಂದೆ ಬರುವ ಗಾಳಿಗೆ ತಗಡು ಹಾರಿದರೆ ಅದು ಕತ್ತಿಯಷ್ಟೇ ಹರಿತ. ಶಾಮಿಯಾನದ ಕಬ್ಬಿಣದ ಕಂಬಗಳು ತಲೆಯ ಮೇಲೆ ಬೀಳುತ್ತವೆ, ಇಲ್ಲವೇ ಸಿಡಿಲನ್ನು ಕರೆಯುತ್ತವೆ. ಪಶ್ಚಿಮದಲ್ಲಿ ಮೋಡ ಕಪ್ಪಾಗಿ, ಧೂಳಿನ ಗೋಡೆ ಎದ್ದು, ಗಾಳಿ ದಿಢೀರನೆ ತಣ್ಣಗಾದರೆ ಅಲ್ಲಿಗೆ ಕಾರ್ಯಕ್ರಮ ನಿಲ್ಲಬೇಕು, ವೇದಿಕೆಯ ಮೇಲೆ ಯಾರೇ ಇರಲಿ.

ಮಿಂಚು ಕಂಡ ಮೇಲೆ ಗುಡುಗು ಕೇಳುವವರೆಗೆ ಎಣಿಸಿ. ಮೂವತ್ತು ಸೆಕೆಂಡಿನೊಳಗೆ ಕೇಳಿದರೆ ಸಿಡಿಲು ಸುಮಾರು ಹತ್ತು ಕಿಲೋಮೀಟರ್ ಒಳಗೇ ಇದೆ. ಎಲ್ಲರೂ ಗಟ್ಟಿ ಕಟ್ಟಡದೊಳಗೆ, ಇಲ್ಲವೇ ಕಿಟಕಿ ಮುಚ್ಚಿದ ಬಸ್ಸಿನೊಳಗೆ. ಬೇವಿನ ಮರದ ಕೆಳಗೆ ಓಡುವ ಅಭ್ಯಾಸವನ್ನು ಮಕ್ಕಳಿಗೆ ಬಿಡಿಸಬೇಕು. ಕೊನೆಯ ಗುಡುಗು ಕೇಳಿದ ಮೇಲೆ ಅರ್ಧ ತಾಸು ಕಳೆಯದೆ ಬಯಲಿಗೆ ಬಿಡಬೇಡಿ. ಸಿಡಿಲು ಬಡಿದವರ ಮೈಯಲ್ಲಿ ಕರೆಂಟು ಉಳಿದಿರುವುದಿಲ್ಲ, ಧೈರ್ಯವಾಗಿ ಮುಟ್ಟಬಹುದು. ಉಸಿರಿಲ್ಲದಿದ್ದರೆ ಕೂಡಲೇ ಎದೆ ಒತ್ತಲು ಆರಂಭಿಸಿ. ಬಾದಾಮಿಯಲ್ಲಿ ಶಿಬಿರ ಮಾಡುವವರಿಗೆ ಒಂದು ಮಾತು: ಮಳೆ ಬಂದಾಗ ಕೆಂಪು ಬಂಡೆಗಳಿಂದ ಧುಮುಕುವ ಅಕ್ಕ ತಂಗಿ ಜಲಪಾತ ನೋಡಲು ಬಹಳ ಚೆಂದ, ಆದರೆ ಅದು ದೂರದಿಂದ ನೋಡುವ ಚೆಂದ.

ನೀರು

ಕೂಡಲಸಂಗಮ, ಆಲಮಟ್ಟಿಯ ಹಿನ್ನೀರು, ಗೊಡಚಿನಮಲ್ಕಿ, ಯಾವುದೋ ಊರ ಬಾಂದಾರ; ಪ್ರವಾಸವಿಲ್ಲದ ಶಿಬಿರ ಕಡಿಮೆ. ಬೇಸಿಗೆಯಲ್ಲಿ ಮೊಣಕಾಲುದ್ದ ಕಾಣುವ ನೀರಿನಲ್ಲಿ ಮರಳು ತೆಗೆದ ಗುಂಡಿಗಳು ಆಳು ಮುಳುಗುವಷ್ಟು ಇರುತ್ತವೆ. ಪ್ಲಾಸ್ಟಿಕ್ ಹಾಳೆ ಹಾಸಿದ ಕೃಷಿ ಹೊಂಡ ಇನ್ನೂ ಮೋಸದ್ದು, ಜಾರಿದ ಮಗುವಿಗೆ ಹಿಡಿದು ಹತ್ತಲು ಏನೂ ಸಿಗುವುದಿಲ್ಲ. ಕಾಲುವೆಯೂ ಹಾಗೆಯೇ. ಈಜು ಬಲ್ಲ ಹಿರಿಯರು ಮೊದಲು ಇಳಿದು, ಕೋಲಿನಿಂದ ಆಳ ನೋಡಿ, ಹಗ್ಗ ಕಟ್ಟಿ ಗಡಿ ಗುರುತಿಸಿದ ಮೇಲೆಯೇ ಮಕ್ಕಳು ಇಳಿಯಬೇಕು. ಇಷ್ಟಕ್ಕೆ ವ್ಯವಧಾನವಿಲ್ಲದಿದ್ದರೆ ದಂಡೆಯಲ್ಲಿ ಕೂತು ಬುತ್ತಿ ಬಿಚ್ಚಿ, ನೀರಿಗೆ ಇಳಿಯುವುದು ಬೇಡ.

ದಂಡೆಯಲ್ಲಿ ಉದ್ದ ಹಗ್ಗ ಮತ್ತು ಬಾಯಿ ಬಿಗಿದ ಎರಡು ಖಾಲಿ ಪ್ಲಾಸ್ಟಿಕ್ ಕ್ಯಾನು ಸದಾ ಇರಲಿ. ಒಬ್ಬರನ್ನು ಉಳಿಸಲು ಇನ್ನೊಬ್ಬರು, ಅವರನ್ನು ಉಳಿಸಲು ಮತ್ತೊಬ್ಬರು ಹಾರಿ ಎಲ್ಲರೂ ಹೋಗುವ ಸುದ್ದಿ ನಮ್ಮ ಪತ್ರಿಕೆಗಳಲ್ಲಿ ಪ್ರತಿ ಬೇಸಿಗೆಯೂ ಬರುತ್ತದೆ. ಎಸೆಯಿರಿ, ಚಾಚಿ, ಎಳೆಯಿರಿ, ಹಾರಬೇಡಿ. ಮೇಲೆ ತಂದ ಮಗುವನ್ನು ತಲೆಕೆಳಗು ಮಾಡಿ ತಿರುಗಿಸುವುದು, ಹೊಟ್ಟೆ ಒತ್ತುವುದು ತಪ್ಪು. ಉಸಿರಿಲ್ಲದಿದ್ದರೆ ಬಾಯಿಗೆ ಬಾಯಿಟ್ಟು ಐದು ಸಲ ಗಾಳಿ ಕೊಟ್ಟು, ಎದೆಯ ನಡುವೆ ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ ಒತ್ತಿ. 30 ಒತ್ತಿಗೆ ಎರಡು ಉಸಿರು, ವೈದ್ಯರು ಸಿಗುವವರೆಗೆ. ಇದನ್ನು ಓದಿ ಕಲಿಯಲಾಗದು. ಶಿಬಿರಕ್ಕೆ ಮುಂಚೆ ತಾಲ್ಲೂಕು ಆಸ್ಪತ್ರೆಯ ಸಿಬ್ಬಂದಿಯಿಂದಲೋ ಅಗ್ನಿಶಾಮಕ ಠಾಣೆಯವರಿಂದಲೋ ಕೈಹಿಡಿದು ಕಲಿಸಿಕೊಳ್ಳಿ.

ಬಿಸಿಲಿಗೆ ಹೆಚ್ಚು ಹೇಳಬೇಕಿಲ್ಲ, ವಿಜಯಪುರದವರಿಗಂತೂ. ಹನ್ನೊಂದರಿಂದ ನಾಲ್ಕರವರೆಗೆ ನೆರಳು, ಮಜ್ಜಿಗೆ, ಓಆರ್‌ಎಸ್. ಮಾತು ತೊದಲಿ ಮೈ ಕಾದ ಮಗುವಿಗೆ ನೀರು ಸುರಿದು ಗಾಳಿ ಬೀಸುತ್ತ ಆಸ್ಪತ್ರೆಗೆ ಒಯ್ಯಿರಿ. ಹಾವು ಕಚ್ಚಿದರೆ ಕೊಯ್ಯಬೇಡಿ, ಬಿಗಿಯಾಗಿ ಕಟ್ಟಬೇಡಿ, ಮಂತ್ರ ಹಾಕಿಸಲು ನಿಲ್ಲಬೇಡಿ. ವಿಷ ನಿರೋಧಕ ಚುಚ್ಚುಮದ್ದು ಯಾವ ಆಸ್ಪತ್ರೆಯಲ್ಲಿದೆ ಎಂದು ಮೊದಲೇ ವಿಚಾರಿಸಿ ಇಟ್ಟುಕೊಂಡಿದ್ದರೆ ಅದೇ ದೊಡ್ಡದು.

ಪಾಲಕರು ಸಹಿ ಹಾಕುವ ಮುನ್ನ

ಅರ್ಜಿಯ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ‘ಯಾವುದೇ ಅನಾಹುತಕ್ಕೆ ಸಂಘಟಕರು ಜವಾಬ್ದಾರರಲ್ಲ’ ಎಂದು ಇರುತ್ತದೆ. ಸಂಘಟಕರೇ, ಈ ಸಾಲು ನಿಮ್ಮನ್ನು ಕಾಯುತ್ತದೆ ಎಂದು ನಂಬಬೇಡಿ. ನಿರ್ಲಕ್ಷ್ಯದಿಂದ ಸಾವು ಸಂಭವಿಸಿದರೆ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಮಿನಡಿ ಐದು ವರ್ಷದವರೆಗೆ ಶಿಕ್ಷೆಯಿದೆ, ಪಾಲಕರ ಸಹಿ ಅದನ್ನು ಅಳಿಸುವುದಿಲ್ಲ. ಪಾಲಕರೇ, ಆ ಸಾಲಿಗೆ ಗೆರೆ ಎಳೆದು, ಇವನ್ನು ಕೇಳಿ: ರಾತ್ರಿ ನನ್ನ ಮಗಳ ಕೋಣೆಯಲ್ಲಿ ಯಾರು ಇರುತ್ತಾರೆ? ಹೊರಡಿ ಎನ್ನುವವರು ಯಾರು? ಮಳೆ ಬಂದರೆ ಎಲ್ಲಿಗೆ ಹೋಗುತ್ತೀರಿ, ಆ ಜಾಗ ತೋರಿಸಿ. ‘ಅದೆಲ್ಲ ನಾವು ನೋಡಿಕೊಳ್ಳುತ್ತೇವೆ ಅಕ್ಕ, ನೀವು ಚಿಂತೆ ಮಾಡಬೇಡಿ’ ಎಂಬುದು ಉತ್ತರವಲ್ಲ. ಹೆಸರು ಹೇಳದ ಶಿಬಿರಕ್ಕೆ ಮಗುವನ್ನು ಕಳಿಸಬೇಡಿ. ಸೂಟಿಯಲ್ಲಿ ಅಜ್ಜಿಯ ಊರೂ ಇದೆ.

ವಾಪಸು ಬರುವ ಬಸ್ಸು

ಕೊನೆಯ ದಿನ ಎಲ್ಲರೂ ಸಡಿಲವಾಗುತ್ತಾರೆ. ಮಕ್ಕಳು ಹಾಡುತ್ತಿರುತ್ತಾರೆ, ಚಾಲಕನಿಗೆ ಇನ್ನೊಂದು ಬಾಡಿಗೆ ಇರುತ್ತದೆ. ಅದೇ ಗ್ವಾಡಲೂಪ್ ನದಿಯಲ್ಲಿ 1987ರ ಜುಲೈನಲ್ಲಿ, ಬೇರೊಂದು ಶಿಬಿರದ ಮಕ್ಕಳು ನೀರಿನಿಂದ ತಪ್ಪಿಸಿಕೊಂಡು ಹೊರಟಿದ್ದಾಗಲೇ ಅವರ ಬಸ್ಸು ಪ್ರವಾಹಕ್ಕೆ ಸಿಕ್ಕಿ ಹತ್ತು ಹದಿಹರೆಯದವರು ಸತ್ತರು. ಹರಿಯುವ ನೀರು ಅರ್ಧ ಅಡಿಯಿದ್ದರೆ ದೊಡ್ಡವರನ್ನೇ ಬೀಳಿಸುತ್ತದೆ, ಎರಡು ಅಡಿಯಿದ್ದರೆ ಬಹುತೇಕ ವಾಹನಗಳನ್ನು ಎಳೆದೊಯ್ಯುತ್ತದೆ. ನಮ್ಮ ಮೂರೂ ಜಿಲ್ಲೆಗಳಲ್ಲಿ ಕೆಳಮಟ್ಟದ ಸೇತುವೆಗಳಿಗೆ ಬರವಿಲ್ಲ. ಸೇತುವೆಯ ಮೇಲೆ ನೀರು ಕಂಡರೆ ಬಸ್ಸು ನಿಲ್ಲಬೇಕು, ಮುಂದಿನ ಟ್ರ್ಯಾಕ್ಟರ್ ದಾಟಿದರೂ ಸರಿ, ದಂಡೆಯಲ್ಲಿ ನಿಂತವರು ‘ಹೋಗುತ್ತದೆ, ಬಿಡಿ’ ಎಂದು ಕೈ ಬೀಸಿದರೂ ಸರಿ. ಇದನ್ನು ಬಾಡಿಗೆ ಚೀಟಿಯಲ್ಲೇ ಬರೆಸಿ ಚಾಲಕನ ಸಹಿ ಹಾಕಿಸಿ, ತಡವಾದರೆ ಹೆಚ್ಚುವರಿ ಬಾಡಿಗೆ ಕೊಡುತ್ತೇವೆ ಎಂದೂ ಸೇರಿಸಿ. ಮಕ್ಕಳನ್ನು ಇಳಿಸಿದಲ್ಲಿ ನೋಂದಣಿ ಪುಸ್ತಕ ತೆರೆದು, ಕರೆದುಕೊಂಡು ಹೋಗಲು ಬಂದವರ ಸಹಿಯನ್ನು ಒಂದೊಂದಾಗಿ ಪಡೆಯಿರಿ. ಕೊನೆಯ ಮಗುವಿನ ಮುಂದೆ ಸಹಿ ಬೀಳುವವರೆಗೆ ಎಣಿಕೆಯವರು ಮನೆಗೆ ಹೋಗುವಂತಿಲ್ಲ.